ರ‍್ಯಾಮ್ 6000, ಪ್ರೊಸೆಸರ್ 5200: ಎರಡೂ ಹೊಂದುತ್ತವಾ?

ಓದುಗರ ಪ್ರಶ್ನೆ: ಮೊದಲ ಸಲ ನಾನೇ ಒಂದು ಪಿಸಿ ಜೋಡಿಸುತ್ತಿದ್ದೇನೆ. ರೈಜನ್ 5 7600 ಪ್ರೊಸೆಸರ್ ಮತ್ತು ಬಿ650 ಮದರ್‌ಬೋರ್ಡ್ ತಗೊಂಡಾಗಿದೆ. ರ‍್ಯಾಮ್ ಬಾಕಿ ಇದೆ. ಪ್ರೊಸೆಸರ್‌ನ ವಿವರದಲ್ಲಿ ಡಿಡಿಆರ್5-5200 ಅಂತ ಇದೆ. ಮದರ್‌ಬೋರ್ಡ್ ಡಬ್ಬದ ಮೇಲೆ 7200 ಅಂತ ಇದೆ. ನಾನು ನೋಡಿಟ್ಟಿರುವ ರ‍್ಯಾಮ್ 6000. ಒಬ್ಬ ಗೆಳೆಯ "5200 ದಾಟಿದರೆ ಪ್ರೊಸೆಸರ್ ಸುಟ್ಟುಹೋಗುತ್ತದೆ" ಅನ್ನುತ್ತಾನೆ. ಇನ್ನೊಬ್ಬ "7200 ತಗೋ, ಜಾಸ್ತಿ ಇದ್ದಷ್ಟೂ ಒಳ್ಳೆಯದು" ಅನ್ನುತ್ತಾನೆ. ಪ್ರೊಸೆಸರ್ 3.8 ಗಿಗಾಹರ್ಟ್ಜ್, ಅಂದರೆ 3800. ರ‍್ಯಾಮ್ 6000 ಇದ್ದರೆ ಪ್ರೊಸೆಸರ್ ಅದರ ಜೊತೆ ಓಡಲು ಆಗುತ್ತದಾ? ಇನ್ನೊಂದು ಪ್ರಶ್ನೆ: ಈಗ 16 ಜಿಬಿಯ ಒಂದೇ ಸ್ಟಿಕ್ ಹಾಕಿ, ಆಮೇಲೆ ಕೈಯಲ್ಲಿ ದುಡ್ಡಾದಾಗ ಇನ್ನೊಂದು ಸೇರಿಸಬಹುದಾ? ಫೋಟೋ, ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಬಿಡುವಿದ್ದಾಗ ಗೇಮ್ ಆಡುತ್ತೇನೆ.

ಉತ್ತರ: ನೀವು ನೋಡಿಟ್ಟಿರುವ 6000ದ ರ‍್ಯಾಮೇ ಸರಿ, ಧೈರ್ಯವಾಗಿ ತಗೊಳ್ಳಿ. ಆದರೆ ಒಂದೇ ಸ್ಟಿಕ್ ಬೇಡ, ಎರಡು ಸ್ಟಿಕ್‌ನ ಕಿಟ್ ತಗೊಳ್ಳಿ. ಹಾಕಿದ ಮೇಲೆ ಒಂದು ರಾತ್ರಿ ಪೂರ್ತಿ ಟೆಸ್ಟ್‌ಗೆ ಬಿಟ್ಟು, ಆಮೇಲೆ ಕೆಲಸ ಶುರು ಮಾಡಿ. ಅವಸರದಲ್ಲಿದ್ದರೆ ಇಷ್ಟು ಸಾಕು.

ಬಿಡುವಿದ್ದರೆ ಮುಂದೆ ಓದಿ. ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಸಂಖ್ಯೆಗಳಿವೆ: 3800, 5200, 6000, 7200. ನಾಲ್ಕನ್ನೂ ಒಂದೇ ಅಳತೆಪಟ್ಟಿಯ ಮೇಲೆ ಇಟ್ಟು ನೋಡುತ್ತಿದ್ದೀರಿ. ಗೊಂದಲ ಹುಟ್ಟಿರುವುದು ಅಲ್ಲೇ. ಒಂದೊಂದು ಸಂಖ್ಯೆಯೂ ಒಂದೊಂದು ವಿಷಯ ಹೇಳುತ್ತದೆ. ಅದನ್ನು ಬಿಡಿಸಿಕೊಂಡರೆ ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಅಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

3800ಕ್ಕೂ 6000ಕ್ಕೂ ಸಂಬಂಧ ಇಲ್ಲ

3.8 ಗಿಗಾಹರ್ಟ್ಜ್ ಅನ್ನುವುದು ಪ್ರೊಸೆಸರ್‌ನ ಕೋರ್‌ಗಳು ಲೆಕ್ಕ ಮಾಡುವ ವೇಗ. ಅದೂ ಕಂಪನಿ ಹೇಳುವ ಮೂಲ ವೇಗ ಮಾತ್ರ. ಕೆಲಸ ಬಿದ್ದಾಗ ನಿಮ್ಮ 7600 ತಾನಾಗಿಯೇ 5.1 ಗಿಗಾಹರ್ಟ್ಜ್‌ವರೆಗೂ ಏರುತ್ತದೆ, ಕೆಲಸ ಮುಗಿದಾಗ ಇಳಿಯುತ್ತದೆ. ದಿನವಿಡೀ ಹೀಗೆ ಏರಿಳಿಯುವ ಸಂಖ್ಯೆಗೆ ರ‍್ಯಾಮ್‌ನ ಒಂದು ಸ್ಥಿರ ಸಂಖ್ಯೆಯನ್ನು ಹೊಂದಿಸುವುದಾದರೂ ಹೇಗೆ, ಅಲ್ವಾ?

ಇನ್ನು 6000. ಡಿಡಿಆರ್ ಅನ್ನುವ ಬಗೆಯ ರ‍್ಯಾಮ್‌ನಲ್ಲಿ (ಡಿಡಿಆರ್5 ಅದರ ಐದನೇ ತಲೆಮಾರು) ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಡೇಟಾ ಹೋಗುತ್ತದೆ. ಬಡಿತ ಏರುವಾಗ ಒಂದು ಸಲ, ಇಳಿಯುವಾಗ ಇನ್ನೊಂದು ಸಲ. ಹಾಗಾಗಿ 6000 ಅಂತ ಬರೆದ ರ‍್ಯಾಮ್‌ನ ಗಡಿಯಾರ ನಿಜಕ್ಕೂ ಬಡಿಯುವುದು 3000 ಮೆಗಾಹರ್ಟ್ಜ್‌ನಲ್ಲಿ. ಸೆಕೆಂಡಿಗೆ 300 ಕೋಟಿ ಬಡಿತ, 600 ಕೋಟಿ ಸಾಗಣೆ. ಡಬ್ಬದ ಮೇಲೆ ಮೆಗಾಹರ್ಟ್ಜ್ ಅಂತ ಬರೆದಿದ್ದರೂ ಆ 6000 ಸಾಗಣೆಯ ಲೆಕ್ಕ, ಬಡಿತದ ಲೆಕ್ಕ ಅಲ್ಲ.

ಇದನ್ನು ಮೊದಲೇ ಹೇಳುವುದಕ್ಕೆ ಒಂದು ಕಾರಣ ಇದೆ. ಪಿಸಿ ಶುರುವಾದ ಮೇಲೆ ನೀವು ಸಿಪಿಯು-ಜಡ್ (ಪಿಸಿಯ ಭಾಗಗಳ ವಿವರ ತೋರಿಸುವ ಪ್ರೋಗ್ರಾಂ) ತೆರೆದು ನೋಡುತ್ತೀರಿ. ಅಲ್ಲಿ ಸುಮಾರು 3000 ಅಂತ ಕಾಣುತ್ತದೆ. "ಅರ್ಧ ಸ್ಪೀಡ್‌ನಲ್ಲಿ ಓಡುತ್ತಿದೆ, ರ‍್ಯಾಮ್ ನಕಲಿ ಇರಬೇಕು" ಅಂತ ಗಾಬರಿಯಾಗಿ ಬರೆಯುವವರು ತುಂಬ ಜನ. ಅದು ನಕಲಿ ಅಲ್ಲ. ಅದೇ ಹೊತ್ತಿಗೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ 6000 ಅಂತಲೇ ತೋರಿಸುತ್ತದೆ. ಎರಡೂ ಸರಿ.

ಹಾಗಾದರೆ ಎರಡೂ ಒಂದೇ ಸ್ಪೀಡ್ ಇರಬೇಕು ಅನ್ನುವ ಮಾತು ಎಲ್ಲಿಂದ ಬಂತು? ಅದು ಗಾಳಿಮಾತಲ್ಲ. ಒಂದು ಕಾಲಕ್ಕೆ ನಿಜವೇ ಆಗಿತ್ತು. ಪೆಂಟಿಯಂ 4ರ ದಿನಗಳಲ್ಲಿ ರ‍್ಯಾಮ್ ನೋಡಿಕೊಳ್ಳುವ ಕಂಟ್ರೋಲರ್ ಪ್ರೊಸೆಸರ್ ಒಳಗೆ ಇರಲಿಲ್ಲ, ಮದರ್‌ಬೋರ್ಡ್ ಮೇಲಿನ ಬೇರೆ ಚಿಪ್‌ನಲ್ಲಿ ಇತ್ತು. ಆ ಚಿಪ್‌ಗೂ ಪ್ರೊಸೆಸರ್‌ಗೂ ನಡುವೆ ಇದ್ದ ದಾರಿಯನ್ನು ಫ್ರಂಟ್ ಸೈಡ್ ಬಸ್ ಅನ್ನುತ್ತಿದ್ದರು. 2003ರಲ್ಲಿ 800ರ ಬಸ್ ಇರುವ ಪೆಂಟಿಯಂ 4 ಬಂತು. ಆ ದಾರಿಯಲ್ಲಿ ಸೆಕೆಂಡಿಗೆ 6.4 ಜಿಬಿ ಹೋಗುತ್ತಿತ್ತು. ಡಿಡಿಆರ್400 ಸ್ಟಿಕ್ ಒಂದಕ್ಕೆ 3.2 ಜಿಬಿ. ಎರಡು ಹಾಕಿದರೆ ಸರಿಯಾಗಿ 6.4. ಆಗ ಜನ ಬಸ್‌ಗೆ ರ‍್ಯಾಮ್ ಹೊಂದಿಸುತ್ತಿದ್ದರು, ಅದಕ್ಕೆ ಅರ್ಥವೂ ಇತ್ತು. ಆದರೆ ಅದೇ 2003ರಲ್ಲಿ, ನಿಮ್ಮ ರೈಜನ್ ತಯಾರಿಸುವ ಎಎಂಡಿ ಕಂಪನಿ ತನ್ನ ಅಥ್ಲಾನ್ 64ರಲ್ಲಿ ಕಂಟ್ರೋಲರನ್ನು ಪ್ರೊಸೆಸರ್ ಒಳಗೇ ಇಟ್ಟಿತು. 2008ರಲ್ಲಿ ಮೊದಲ ಕೋರ್ ಐ7 ಜೊತೆ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಹಳೆಯ ಬಸ್ ಹೋಯಿತು, ಅದರ ಕಾಲದ ಬುದ್ಧಿಮಾತು ಮಾತ್ರ ಉಳಿದುಕೊಂಡಿತು.

ಇವತ್ತು ರ‍್ಯಾಮ್ ಹೊಂದಬೇಕಾಗಿರುವುದು ಪ್ರೊಸೆಸರ್‌ನ ಗಿಗಾಹರ್ಟ್ಜ್‌ಗೆ ಅಲ್ಲ, ಅದರೊಳಗಿನ ಮೆಮೊರಿ ಕಂಟ್ರೋಲರ್‌ಗೆ. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಈ ಒಂದು ವಾಕ್ಯದಲ್ಲಿದೆ.

5200 ಅಂದರೆ ಗ್ಯಾರಂಟಿ, ಮಿತಿ ಅಲ್ಲ

ವಿವರದಲ್ಲಿರುವ 5200 ಅಂದರೆ, ಈ ಪ್ರೊಸೆಸರ್‌ಗೆ ಎರಡು ಸ್ಟಿಕ್ ಹಾಕಿ ಆ ಸ್ಪೀಡ್‌ನಲ್ಲಿ ಓಡಿಸಿದರೆ ಸರಿಯಾಗಿ ಓಡುತ್ತದೆ ಅಂತ ಎಎಂಡಿ ಕೊಡುವ ಮಾತು. ತಯಾರಾದ 7600ಗಳಲ್ಲಿ ಅತಿ ಸಾಧಾರಣದ್ದಕ್ಕೂ ಅನ್ವಯಿಸುವ ಮಾತು ಅದು. ಹಾಗಾಗಿ ಅದರಲ್ಲಿ ಸಾಕಷ್ಟು ಎಚ್ಚರಿಕೆ ಬೆರೆತಿದೆ. ನಾನು ಕೈಯಾರೆ ಜೋಡಿಸಿದ ಈ ತಲೆಮಾರಿನ ಪಿಸಿಗಳಲ್ಲಿ 6000 ಅನ್ನುವುದು ಕಂಟ್ರೋಲರ್‌ಗೆ ಕಷ್ಟವೇ ಅಲ್ಲದ ಸ್ಪೀಡ್. ನಿಮ್ಮ 7600 ಸೇರಿರುವ ರೈಜನ್ 7000 ಸರಣಿ ಬಂದಾಗ ಎಎಂಡಿಯೇ 6000ವನ್ನು ಇದಕ್ಕೆ ಒಪ್ಪುವ ಸ್ಪೀಡ್ ಅಂತ ಹೇಳಿತ್ತು.

ಮದರ್‌ಬೋರ್ಡ್ ಡಬ್ಬದ 7200 ಬೇರೆ ವಿಷಯ. ಬೋರ್ಡ್ ಮೇಲಿನ ತಾಮ್ರದ ಗೆರೆಗಳು ಅಷ್ಟು ಸ್ಪೀಡ್ ತಡೆದುಕೊಳ್ಳುತ್ತವೆ ಅನ್ನುವುದಷ್ಟೇ ಅದರ ಅರ್ಥ. ದಾರಿ ಚೆನ್ನಾಗಿದೆ ಅಂತ ಬೋರ್ಡ್ ಹೇಳಬಹುದು. ಆ ದಾರಿಯಲ್ಲಿ ಓಡುವ ಶಕ್ತಿ ನಿಮ್ಮ ಪ್ರೊಸೆಸರ್‌ಗೆ ಇದೆಯಾ ಅಂತ ಬೋರ್ಡ್ ಹೇಳಲು ಆಗುವುದಿಲ್ಲ.

ಈಗ ಸುಟ್ಟುಹೋಗುವ ಮಾತಿಗೆ ಬರೋಣ. ಆ ಗೆಳೆಯರನ್ನು ಸುಮ್ನೆ ತಳ್ಳಿಹಾಕಬೇಡಿ, ಅವರ ಭಯಕ್ಕೆ ಒಂದು ಬೇರಿದೆ.

6000ದ ರ‍್ಯಾಮನ್ನು ಸ್ಲಾಟ್‌ಗೆ ಚುಚ್ಚಿದ ಕೂಡಲೇ ಅದು 6000ಕ್ಕೆ ಓಡುವುದಿಲ್ಲ. ಪ್ರತಿ ಸ್ಟಿಕ್ ಮೇಲೂ ಒಂದು ಪುಟ್ಟ ಚಿಪ್ ಇರುತ್ತದೆ. ಈ ಸ್ಟಿಕ್ ಯಾವ ಯಾವ ಸ್ಪೀಡ್‌ನಲ್ಲಿ, ಎಷ್ಟು ವೋಲ್ಟ್‌ನಲ್ಲಿ ಓಡಬಲ್ಲದು ಅನ್ನುವ ಪಟ್ಟಿ ಅದರಲ್ಲಿರುತ್ತದೆ. ಮೊದಲ ಸಲ ಆನ್ ಮಾಡಿದಾಗ ಮದರ್‌ಬೋರ್ಡ್ ಆ ಪಟ್ಟಿಯಿಂದ ಎಲ್ಲರೂ ಒಪ್ಪಿದ ಜೆಡೆಕ್ ಮಟ್ಟವನ್ನೇ ಆರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ 4800 ಅಥವಾ ಅದರ ಆಸುಪಾಸು, 1.1 ವೋಲ್ಟ್. ನೀವೇ ಬಯಾಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನದೇ ಸೆಟ್ಟಿಂಗ್ ಪ್ರೋಗ್ರಾಂ) ಹೋಗಿ ಎಕ್ಸ್‌ಪೋ ಅನ್ನುವ ಪ್ರೊಫೈಲ್ ಆನ್ ಮಾಡಿದಾಗ ಮಾತ್ರ 6000 ಸಿಗುತ್ತದೆ. ಎಕ್ಸ್‌ಪೋ ಎಎಂಡಿಯದು, ಎಕ್ಸ್‌ಎಂಪಿ ಇಂಟೆಲ್‌ನದು. ಮಾಡುವ ಕೆಲಸ ಒಂದೇ. ನಿಮ್ಮ ಬೋರ್ಡ್‌ಗೆ ಎಕ್ಸ್‌ಪೋ ಇರುವ ಕಿಟ್ ತಗೊಂಡರೆ ತಲೆನೋವು ಕಡಿಮೆ.

ಎಕ್ಸ್‌ಪೋ ಆನ್ ಆದಾಗ ರ‍್ಯಾಮ್‌ನ ವೋಲ್ಟೇಜ್ 1.35ರ ಸುತ್ತ ಏರುತ್ತದೆ. ಅದರಿಂದ ಭಯವಿಲ್ಲ, ಕಿಟ್ ಮಾಡಿದವರು ಅದಕ್ಕೆ ತಕ್ಕಂತೆಯೇ ಮಾಡಿರುತ್ತಾರೆ. ಗಮನ ಇಡಬೇಕಾದದ್ದು ಇನ್ನೊಂದು ವೋಲ್ಟೇಜ್ ಮೇಲೆ. ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್ ಕೂಡ ಇದರ ಜೊತೆಗೇ ಏರುತ್ತದೆ. 2023ರಲ್ಲಿ ಕೆಲವು ಮದರ್‌ಬೋರ್ಡ್‌ಗಳು ಎಕ್ಸ್‌ಪೋ ಆನ್ ಮಾಡಿದಾಗ ಇದನ್ನು ಅತಿಯಾಗಿ ಏರಿಸಿ, ಕೆಲವು ರೈಜನ್ 7000 ಪ್ರೊಸೆಸರ್‌ಗಳು ನಿಜವಾಗಿಯೂ ಸುಟ್ಟುಹೋದವು. ನಿಮ್ಮ ಗೆಳೆಯರು ಕೇಳಿರುವುದು ಬಹುಶಃ ಆ ಸುದ್ದಿ. ಅದಾದ ಮೇಲೆ ಎಎಂಡಿ ಹೊಸ ಬಯಾಸ್ ಮೂಲಕ ಆ ವೋಲ್ಟೇಜ್ 1.3 ದಾಟದಂತೆ ತಡೆ ಹಾಕಿತು.

ನಿಮ್ಮ ಬೋರ್ಡ್ ಎಷ್ಟು ದಿನ ಡಬ್ಬದೊಳಗೆ ಕೂತಿತ್ತೋ ಯಾರಿಗೆ ಗೊತ್ತು. ಅದರಲ್ಲಿ ಹಳೆಯ ಬಯಾಸೇ ಇರಬಹುದು. ಆದ್ದರಿಂದ ಎಕ್ಸ್‌ಪೋ ಮುಟ್ಟುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಿ. ಆಮೇಲೆ ಎಕ್ಸ್‌ಪೋ ಆನ್ ಮಾಡಿ, ಅದೇ ಬಯಾಸ್‌ನಲ್ಲಿ ಎಸ್‌ಒಸಿ ವೋಲ್ಟೇಜ್ ಎಷ್ಟಿದೆ ಅಂತ ಒಂದು ಸಲ ಕಣ್ಣಾಡಿಸಿ. 1.3ರ ಒಳಗಿದ್ದರೆ ಸರಿ. ನಾನಂತೂ 1.25ರ ಆಸುಪಾಸಿನಲ್ಲಿ ಇಡುತ್ತೇನೆ, 6000ಕ್ಕೆ ಅಷ್ಟರಲ್ಲೇ ಆಗುತ್ತದೆ.

ವಾರಂಟಿ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. 5200 ದಾಟಿದ ಎಲ್ಲವೂ ಎಎಂಡಿಯ ಲೆಕ್ಕದಲ್ಲಿ ಓವರ್‌ಕ್ಲಾಕಿಂಗ್, ಅಂದರೆ ಗ್ಯಾರಂಟಿ ಕೊಟ್ಟ ವೇಗ ಮೀರಿ ಓಡಿಸುವುದು. ಎಕ್ಸ್‌ಪೋ ಅವರೇ ಕೊಟ್ಟ ಸೌಲಭ್ಯ ಆದರೂ, ಅದರಿಂದ ಹಾನಿಯಾದರೆ ವಾರಂಟಿ ಬರುವುದಿಲ್ಲ ಅನ್ನುವುದು ಅವರ ಷರತ್ತು. ಈ ಅಪಾಯ ನನ್ನ ಅನುಭವದಲ್ಲಿ ಬಹಳ ಸಣ್ಣದು. ಆದರೆ ಅಪಾಯವೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಅದು ನಿಮಗೆ ಬೇಡ ಅನ್ನಿಸಿದರೆ 5200ರಲ್ಲೇ ಓಡಿಸಿ. ಪಿಸಿ ಚೆನ್ನಾಗಿಯೇ ಇರುತ್ತದೆ.

7200 ಯಾಕೆ ಬೇಡ

ಇದು ನನಗೆ ತುಂಬ ಇಷ್ಟವಾದ ಭಾಗ. ಸ್ವಲ್ಪ ನಿಧಾನವಾಗಿ ಓದಿ.

ನಿಮ್ಮ ಪ್ರೊಸೆಸರ್ ಹೊರಗಿನಿಂದ ಒಂದೇ ಚೌಕದಂತೆ ಕಂಡರೂ ಲೋಹದ ಮುಚ್ಚಳದ ಕೆಳಗೆ ಎರಡು ಸಿಲಿಕಾನ್ ತುಂಡುಗಳಿವೆ. ಒಂದರಲ್ಲಿ ಆರು ಕೋರ್‌ಗಳು. ಇನ್ನೊಂದರಲ್ಲಿ ಮೆಮೊರಿ ಕಂಟ್ರೋಲರ್. ಎರಡನ್ನೂ ಜೋಡಿಸುವ ದಾರಿಗೆ ಇನ್ಫಿನಿಟಿ ಫ್ಯಾಬ್ರಿಕ್ ಅಂತ ಹೆಸರು. ಅಂದರೆ ಇಲ್ಲಿ ಮೂರು ಗಡಿಯಾರಗಳು ಬಡಿಯುತ್ತಿವೆ: ರ‍್ಯಾಮ್‌ನದು, ಕಂಟ್ರೋಲರ್‌ನದು, ಫ್ಯಾಬ್ರಿಕ್‌ನದು.

6000ದ ರ‍್ಯಾಮ್ ಹಾಕಿದಾಗ ರ‍್ಯಾಮ್‌ನ ಗಡಿಯಾರ 3000, ಕಂಟ್ರೋಲರ್‌ನದೂ 3000. ಇಬ್ಬರೂ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುತ್ತಾರೆ. ಒಬ್ಬರಿಗಾಗಿ ಒಬ್ಬರು ಕಾಯಬೇಕಿಲ್ಲ. ಹೊಂದಾಣಿಕೆ ಅನ್ನುವ ಪದಕ್ಕೆ ಇವತ್ತಿನ ಪಿಸಿಯಲ್ಲಿ ಅರ್ಥ ಇರುವುದು ಇಲ್ಲಿ. ಹೆಚ್ಚಿನ 7600ಗಳಲ್ಲಿ ಈ ಜೊತೆನಡಿಗೆ 6000ದಿಂದ 6400ರವರೆಗೆ ಸಾಧ್ಯ. ಅದನ್ನು ದಾಟಿದರೆ ಕಂಟ್ರೋಲರ್‌ಗೆ ಅಷ್ಟು ವೇಗ ಹಿಡಿಯಲು ಆಗುವುದಿಲ್ಲ. ಆಗ ಬೋರ್ಡ್ ಕಂಟ್ರೋಲರನ್ನು ಅರ್ಧ ವೇಗಕ್ಕೆ ಇಳಿಸುತ್ತದೆ. 7200ರ ರ‍್ಯಾಮ್ ಹಾಕಿದರೆ ರ‍್ಯಾಮ್ 3600ರಲ್ಲಿ ಬಡಿಯುತ್ತದೆ, ಕಂಟ್ರೋಲರ್ 1800ರಲ್ಲಿ ನಡೆಯುತ್ತದೆ. ಪ್ರತಿ ಸಲ ಡೇಟಾ ಕೇಳಿದಾಗಲೂ ಕಾಯುವ ಹೊತ್ತು ಹೆಚ್ಚುತ್ತದೆ. ಜಾಸ್ತಿ ದುಡ್ಡು ಕೊಟ್ಟು ನಿಧಾನವನ್ನು ಕೊಂಡಂತೆ.

ಇನ್ನೊಂದು ಲೆಕ್ಕ ಇದೆ. ಫ್ಯಾಬ್ರಿಕ್ ಸಾಮಾನ್ಯವಾಗಿ ಓಡುವುದು 2000 ಮೆಗಾಹರ್ಟ್ಜ್‌ನಲ್ಲಿ. ಕೋರ್‌ಗಳಿರುವ ತುಂಡು ಅದರ ಮೂಲಕ ಒಂದು ಬಡಿತಕ್ಕೆ 32 ಬೈಟ್ ಓದಿಕೊಳ್ಳುತ್ತದೆ. ಗುಣಿಸಿದರೆ ಸೆಕೆಂಡಿಗೆ 64 ಜಿಬಿ. ಎರಡು ಸ್ಟಿಕ್ 6000ದ ರ‍್ಯಾಮ್ ಎಷ್ಟು ಕೊಡಬಲ್ಲದು? ಒಂದಕ್ಕೆ 48, ಎರಡಕ್ಕೆ 96 ಜಿಬಿ. ಅಂದರೆ 6000ದಲ್ಲೇ ರ‍್ಯಾಮ್ ಕೊಡುವಷ್ಟನ್ನು ಪೂರ್ತಿ ಒಳಗೆ ತಗೊಳ್ಳಲು ನಿಮ್ಮ ಪ್ರೊಸೆಸರ್‌ನ ಬಾಗಿಲು ಅಗಲ ಸಾಲದು. 7200 ಹಾಕಿದರೆ ಬಾಗಿಲ ಹೊರಗಿನ ಸಾಲು ಉದ್ದವಾಗುತ್ತದೆ ಅಷ್ಟೇ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ.

"ಹಾಗಾದರೆ 5200ರ ಎರಡು ಸ್ಟಿಕ್ ಕೂಡ 83 ಜಿಬಿ ಕೊಡುತ್ತದೆ, 6000ವಾದರೂ ಯಾಕೆ?" ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. 6000ದಿಂದ ಸಿಗುವ ಲಾಭ ಸಾಗಣೆಗಿಂತ ಹೆಚ್ಚಾಗಿ ಕಾಯುವ ಹೊತ್ತಿನಲ್ಲಿ. ಅದಕ್ಕೆ ಸ್ಟಿಕ್ಕರ್ ಮೇಲಿನ ಇನ್ನೊಂದು ಸಂಖ್ಯೆ ನೋಡಬೇಕು, ಸಿಎಲ್.

ಸಿಎಲ್ ಅಂದರೆ ಡೇಟಾ ಕೇಳಿದ ಮೇಲೆ ಅದು ಬರಲು ಎಷ್ಟು ಬಡಿತ ಕಾಯಬೇಕು ಅನ್ನುವುದು. ಬಡಿತದ ಲೆಕ್ಕವನ್ನು ಸಮಯಕ್ಕೆ ತರುವುದು ಸುಲಭ: ಸಿಎಲ್ ಅನ್ನು 2000ದಿಂದ ಗುಣಿಸಿ, ರ‍್ಯಾಮ್ ಸ್ಪೀಡ್‌ನಿಂದ ಭಾಗಿಸಿ. 6000 ಸಿಎಲ್30 ಅಂದರೆ ಸರಿಯಾಗಿ 10 ನ್ಯಾನೊಸೆಕೆಂಡ್. 6000 ಸಿಎಲ್36 ಅಂದರೆ 12. 5200 ಸಿಎಲ್40 ಅಂದರೆ 15ಕ್ಕಿಂತ ಸ್ವಲ್ಪ ಜಾಸ್ತಿ. 4800 ಸಿಎಲ್40 ಅಂದರೆ ಹತ್ತಿರ ಹತ್ತಿರ 17. ಹಳೆಯ ಡಿಡಿಆರ್4-3200 ಸಿಎಲ್16 ಕೂಡ 10 ನ್ಯಾನೊಸೆಕೆಂಡೇ. ಹೀಗಾಗಿ ಬರೀ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ. ಎರಡು ಕಿಟ್ ಎದುರಿಗಿದ್ದಾಗ ಈ ಭಾಗಾಕಾರ ಮಾಡಿ ನೋಡಿ.

ಗೇಮ್‌ಗಳಲ್ಲಿ ಈ ವ್ಯತ್ಯಾಸ ಕಾಣುತ್ತದೆ, ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಬಲವಾಗಿದ್ದು ಪ್ರೊಸೆಸರೇ ಹಿಂದೆ ಬೀಳುವ ಗೇಮ್‌ಗಳಲ್ಲಿ. ಫೋಟೋ ಎಕ್ಸ್‌ಪೋರ್ಟ್‌ನಲ್ಲಿ ನಾನು ಗಡಿಯಾರ ಹಿಡಿದು ಕೂತರೂ 5200ಕ್ಕೂ 6000ಕ್ಕೂ ಹೇಳಿಕೊಳ್ಳುವಂಥ ಅಂತರ ಕಂಡಿಲ್ಲ. ಸಿಎಲ್30ಕ್ಕೂ 36ಕ್ಕೂ ಬೆಲೆಯ ಅಂತರ ಸಣ್ಣದಾಗಿದ್ದರೆ 30 ತಗೊಳ್ಳಿ. ದೊಡ್ಡದಾಗಿದ್ದರೆ 36 ತಗೊಂಡು, ಉಳಿದ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕಿ.

ಒಂದು ಸ್ಟಿಕ್ ಬೇಡ ಅಂದದ್ದು ಯಾಕೆ

ಸ್ಪೀಡ್ ಬಗ್ಗೆ ಇಷ್ಟೊಂದು ಕೇಳಿದಿರಿ. ಆದರೆ ನಿಮ್ಮ ಕೆಲಸಕ್ಕೆ ಸ್ಪೀಡ್‌ಗಿಂತ ದೊಡ್ಡ ವಿಷಯ ಇದು.

ಪ್ರೊಸೆಸರ್‌ಗೆ ರ‍್ಯಾಮ್ ತಲುಪಲು ಎರಡು ಚಾನೆಲ್ ಇವೆ. ಒಂದೇ ಸ್ಟಿಕ್ ಹಾಕಿದರೆ ಒಂದು ಚಾನೆಲ್ ಖಾಲಿ ಬಿದ್ದಿರುತ್ತದೆ. 6000ದ ಒಂದು ಸ್ಟಿಕ್ ಸೆಕೆಂಡಿಗೆ ಕೊಡುವುದು 48 ಜಿಬಿ. 5200ರ ಎರಡು ಸ್ಟಿಕ್ ಕೊಡುವುದು 83. ನಿಧಾನದ ಎರಡು ಸ್ಟಿಕ್ ಮುಂದೆ ವೇಗದ ಒಂದು ಸ್ಟಿಕ್ ನಿಲ್ಲುವುದಿಲ್ಲ.

"ಆಮೇಲೆ ಅದೇ ಮಾಡೆಲ್‌ನ ಇನ್ನೊಂದು ಹಾಕಿದರೆ?" ಅಂತ ಕೇಳಿದ್ದೀರಿ. ಅದೇ ಹೆಸರು, ಅದೇ ಸ್ಪೀಡ್ ಇದ್ದರೂ ಆರು ತಿಂಗಳ ನಂತರ ಬಂದ ಸ್ಟಿಕ್ ಒಳಗೆ ಬೇರೆ ಕಂಪನಿಯ ಚಿಪ್ ಇರಬಹುದು. ಹೊರಗಿನ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ಕವಚ) ತದ್ರೂಪ, ಒಳಗಿನ ಸ್ವಭಾವ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಾಗುತ್ತದೆ. 4800ರಲ್ಲಿ ಎರಡೂ ಜೊತೆಗೆ ಓಡಿದರೂ 6000ದಲ್ಲಿ ಹಟ ಹಿಡಿಯಬಹುದು. ಒಂದೇ ಡಬ್ಬದಲ್ಲಿ ಬರುವ ಎರಡು ಸ್ಟಿಕ್‌ಗಳನ್ನು ಜೊತೆಗೆ ಟೆಸ್ಟ್ ಮಾಡಿ ಕಳಿಸಿರುತ್ತಾರೆ. ಆ ಭರವಸೆಗೂ ಸೇರಿಸಿ ನಾವು ದುಡ್ಡು ಕೊಡುವುದು.

ದುಡ್ಡಿನ ತೊಂದರೆ ಇದ್ದರೆ 8 ಜಿಬಿಯ ಎರಡು ತಗೊಳ್ಳೋಣ ಅನ್ನಿಸಬಹುದು. ಬೇಡ. ಡಿಡಿಆರ್5ರಲ್ಲಿ 8 ಜಿಬಿಯ ಸ್ಟಿಕ್‌ನಲ್ಲಿ ಚಿಪ್‌ಗಳು ನಾಲ್ಕೇ. ಚಿಪ್ ಒಳಗಿನ ವಿಭಾಗಗಳು (ಬ್ಯಾಂಕ್ ಗುಂಪುಗಳು) ಕಡಿಮೆ ಇರುವುದರಿಂದ ಅದು ತನ್ನ ಸಂಖ್ಯೆಗಿಂತ ನಿಧಾನ. ಅದೂ ಅಲ್ಲದೆ ವಿಡಿಯೋ ಎಡಿಟಿಂಗ್‌ಗೆ 16 ಜಿಬಿ ಇವತ್ತು ಬಿಗಿಯಾಗುತ್ತದೆ. ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಎಸ್‌ಎಸ್‌ಡಿಗೆ ಸುರಿಯುತ್ತದೆ. ಟೈಮ್‌ಲೈನ್ ಎಳೆದಾಗ ಚಿತ್ರ ತಡೆತಡೆದು ಬರುತ್ತದೆ. ಆ ಹೊತ್ತಿನಲ್ಲಿ ರ‍್ಯಾಮ್ 5200 ಆಗಿದ್ದರೇನು, 6000 ಆಗಿದ್ದರೇನು. 16ರ ಎರಡು, ಒಟ್ಟು 32 ಜಿಬಿ, ನಿಮಗೆ ಕನಿಷ್ಠ. 4ಕೆ ವಿಡಿಯೋ ಜಾಸ್ತಿ ಮಾಡುವವರಾದರೆ 32ರ ಎರಡು. ಬಜೆಟ್‌ಗಾಗಿ ಯಾವುದಾದರೂ ಒಂದರಲ್ಲಿ ಕಡಿತ ಮಾಡಲೇಬೇಕು ಅಂದರೆ ಸ್ಪೀಡ್‌ನಲ್ಲಿ ಮಾಡಿ, ಜಿಬಿಯಲ್ಲಿ ಮಾಡಬೇಡಿ.

ಬೋರ್ಡ್‌ನಲ್ಲಿ ನಾಲ್ಕು ಸ್ಲಾಟ್ ಇದೆಯಲ್ಲ, ಮುಂದೆ ಇನ್ನೆರಡು ಹಾಕೋಣ ಅನ್ನುವ ಯೋಚನೆಯನ್ನೂ ಈಗಲೇ ಬಿಡಿ. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ಅಂದರೆ ಕಂಟ್ರೋಲರ್‌ಗೆ ದೊಡ್ಡ ಹೊರೆ. ಅದೇ 7600ಕ್ಕೆ ನಾಲ್ಕು ಸ್ಟಿಕ್ ಹಾಕಿದರೆ ಎಎಂಡಿ ಕೊಡುವ ಗ್ಯಾರಂಟಿ 5200ರಿಂದ 3600ಕ್ಕೆ ಇಳಿಯುತ್ತದೆ. ಆ ಎರಡು ಖಾಲಿ ಸ್ಲಾಟ್ ಖಾಲಿಯೇ ಇರಲಿ. ಮುಂದೆ 64 ಜಿಬಿ ಬೇಕಾದರೆ ಹಳೆಯ ಕಿಟ್ ಮಾರಿ 32ರ ಎರಡನ್ನು ಒಟ್ಟಿಗೆ ತಗೊಳ್ಳಿ.

ಜೋಡಿಸುವ ದಿನ

ನಾಲ್ಕು ಸ್ಲಾಟ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಬೋರ್ಡ್ ಮೇಲೆ ಎ2, ಬಿ2 ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸ್ಟಿಕ್ ಕೂತಾಗ ಟಕ್ ಅಂತ ಸದ್ದು ಬರಬೇಕು. ಹೀಟ್‌ಸಿಂಕ್ ಎತ್ತರದ್ದಾಗಿದ್ದರೆ ಕೂಲರ್‌ಗೆ ತಾಗುತ್ತದಾ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಆನ್ ಮಾಡಿದ ಮೇಲಿನ ಮೊದಲ ಕೆಲವು ನಿಮಿಷಗಳ ಬಗ್ಗೆ ಎಚ್ಚರಿಸಬೇಕು. ಫ್ಯಾನ್‌ಗಳು ತಿರುಗುತ್ತವೆ. ಪರದೆ ಕಪ್ಪಗೆ. ಬೋರ್ಡ್‌ನ ಮೂಲೆಯಲ್ಲಿ ಡಿರ‍್ಯಾಮ್ ಅಂತ ಬರೆದ ಕಡೆ ಒಂದು ಸಣ್ಣ ದೀಪ ಹತ್ತಿಕೊಂಡು ಹಾಗೇ ಇರುತ್ತದೆ. ಒಂದು ನಿಮಿಷ, ಎರಡು ನಿಮಿಷ, ಏನೂ ಆಗುವುದಿಲ್ಲ. ಕೈ ತಾನಾಗಿಯೇ ಪವರ್ ಬಟನ್ ಕಡೆ ಹೋಗುತ್ತದೆ. ಒತ್ತಬೇಡಿ. ಕಂಟ್ರೋಲರ್ ಆ ಹೊತ್ತಿನಲ್ಲಿ ರ‍್ಯಾಮ್ ಜೊತೆ ಮಾತು ಕೂಡಿಸಿಕೊಳ್ಳುತ್ತಿರುತ್ತದೆ. ಪ್ರತಿ ತಂತಿಯಲ್ಲೂ ಸಿಗ್ನಲ್ ಎಷ್ಟು ತಡವಾಗಿ ಬರುತ್ತಿದೆ ಅಂತ ಅಳೆದು, ಅದಕ್ಕೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ಹತ್ತು ನಿಮಿಷ ಹಿಡಿದದ್ದನ್ನೂ ನಾನು ನೋಡಿದ್ದೇನೆ. ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ಎಕ್ಸ್‌ಪೋ ಆನ್ ಮಾಡಿ ರೀಸ್ಟಾರ್ಟ್ ಕೊಟ್ಟಾಗ ಇದೇ ಇನ್ನೊಮ್ಮೆ ಆಗುತ್ತದೆ. ಆಗಲೂ ತಾಳ್ಮೆ ಇರಲಿ.

ವಿಂಡೋಸ್ ಬಂತು ಅಂದರೆ ಎಲ್ಲ ಸರಿ ಅಂತ ಅಲ್ಲ. ನಾನು ಈ ಪಾಠ ಕಲಿತದ್ದು ನನ್ನದೇ ಫೋಟೋಗಳನ್ನು ಕಳಕೊಂಡು. ಕೆಲವು ವರ್ಷಗಳ ಹಿಂದೆ ನನಗಾಗಿ ಒಂದು ಪಿಸಿ ಜೋಡಿಸಿದ್ದೆ. ಡಿಡಿಆರ್4-3600 ಕಿಟ್, ಪ್ರೊಫೈಲ್ ಆನ್ ಮಾಡಿದೆ, ವಿಂಡೋಸ್ ಬಂತು, ಗೇಮ್ ಓಡಿತು. ಕೆಲಸದ ಅವಸರದಲ್ಲಿ ಟೆಸ್ಟ್ ಮಾಡದೆ ಬಿಟ್ಟೆ. ಮೂರು ವಾರ ಒಂದು ಸಲವೂ ನೀಲಿ ಪರದೆ ಬರಲಿಲ್ಲ. ಒಂದು ದಿನ ಹಳೆಯ ಫೋಲ್ಡರ್ ತೆರೆದಾಗ ಒಂದು ಫೋಟೋದ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಮುಂದಿನದು ಸರಿ ಇತ್ತು. ಅದರ ಮುಂದಿನದರಲ್ಲಿ ನಡುವೆ ಒಂದು ನೇರಳೆ ಪಟ್ಟಿ. ಹಳೆಯ ಡಿಸ್ಕ್‌ನಿಂದ ಹೊಸದಕ್ಕೆ ನಕಲು ಮಾಡುವಾಗ ಡೇಟಾ ರ‍್ಯಾಮ್ ಮೂಲಕ ಹಾದುಹೋಗಿತ್ತು, ಅಲ್ಲೇ ಒಂದೊಂದು ಬಿಟ್ ಕೆಟ್ಟಿತ್ತು. ಹಳೆಯ ಡಿಸ್ಕ್ ಆಗಲೇ ಅಳಿಸಿಯಾಗಿತ್ತು. ಬ್ಯಾಕಪ್ ಕೂಡ ಆ ಕೆಟ್ಟ ಫೈಲ್‌ಗಳನ್ನೇ ನಂಬಿಕೆಯಿಂದ ನಕಲು ಮಾಡಿಟ್ಟುಕೊಂಡಿತ್ತು. ಆ ರಾತ್ರಿ ಟೆಸ್ಟ್ ಓಡಿಸಿದೆ. ನಲವತ್ತು ನಿಮಿಷದಲ್ಲಿ ಕೆಂಪು ಸಾಲುಗಳು ಶುರುವಾದವು.

ನಿಧಾನದ ರ‍್ಯಾಮ್ ನಿಮ್ಮ ಕೆಲವು ಸೆಕೆಂಡ್ ತಗೊಳ್ಳುತ್ತದೆ. ಅಸ್ಥಿರವಾದ ರ‍್ಯಾಮ್ ನಿಮ್ಮ ಕೆಲಸವನ್ನೇ ತಗೊಳ್ಳುತ್ತದೆ, ಅದೂ ಹೇಳದೆ ಕೇಳದೆ. ನೀವು ಫೋಟೋ, ವಿಡಿಯೋದಿಂದಲೇ ಬದುಕುವವರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೆಮ್‌ಟೆಸ್ಟ್86 ಅನ್ನುವ ಉಚಿತ ಪ್ರೋಗ್ರಾಂ ಇದೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಪಿಸಿ ಶುರು ಮಾಡಿ, ಮಲಗುವ ಮುಂಚೆ ಓಡಲು ಬಿಡಿ. ನಾಲ್ಕು ಸುತ್ತು ಮುಗಿಯಬೇಕು. ಬೆಳಿಗ್ಗೆ ಎರರ್ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಅದು ನಪಾಸು. "ಡಿಡಿಆರ್5 ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಟೆಸ್ಟ್ ಯಾಕೆ?" ಅಂತ ಕೆಲವರು ಹೇಳುತ್ತಾರೆ. ಅದು ಚಿಪ್‌ನ ಒಳಗೆ ಆಗುವ ತಪ್ಪಿಗೆ ಮಾತ್ರ. ಸ್ಟಿಕ್‌ನಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ಬೇರೆ ಪ್ರೊಸೆಸರ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೂ ಚುಟುಕಾಗಿ ಹೇಳಿಬಿಡುತ್ತೇನೆ. ರೈಜನ್ 5000ಕ್ಕೆ ಡಿಡಿಆರ್4-3600 ಸರಿ, ಅಲ್ಲಿ ಫ್ಯಾಬ್ರಿಕ್ 1800ರಲ್ಲಿ ರ‍್ಯಾಮ್ ಜೊತೆ ಹೆಜ್ಜೆ ಹಾಕುತ್ತದೆ. ಹೆಸರಿನ ಕೊನೆಗೆ ಎಕ್ಸ್3ಡಿ ಇರುವ ಪ್ರೊಸೆಸರ್‌ಗಳಲ್ಲಿ ಕ್ಯಾಶ್ (ಪ್ರೊಸೆಸರ್ ಒಳಗಿನ ಪುಟ್ಟ, ವೇಗದ ಮೆಮೊರಿ) ದೊಡ್ಡದು, ರ‍್ಯಾಮ್ ಸ್ಪೀಡ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಜನ್ 8700ಜಿಯಂಥದ್ದರಲ್ಲಿ ಗೇಮ್ ಆಡುವವರಿಗೆ ಮಾತ್ರ ರ‍್ಯಾಮ್ ಸ್ಪೀಡ್ ನೇರವಾಗಿ ಕಣ್ಣಿಗೆ ಕಾಣುತ್ತದೆ, ಯಾಕೆಂದರೆ ಗ್ರಾಫಿಕ್ಸ್‌ಗೂ ಅದೇ ರ‍್ಯಾಮ್. ಇಂಟೆಲ್ ಐ5-13400, 14400 ಇರುವವರ ಗ್ಯಾರಂಟಿ 4800. ಎಚ್610 ಬೋರ್ಡ್ ಆದರೆ ಅದನ್ನು ದಾಟಲು ಬಿಡುವುದೇ ಇಲ್ಲ, ವೇಗದ ಕಿಟ್‌ಗೆ ದುಡ್ಡು ಹಾಕಬೇಡಿ. ಬಿ760 ಆದರೆ ಎಕ್ಸ್‌ಎಂಪಿ ನಡೆಯುತ್ತದೆ.

ಮತ್ತೆ ನಿಮ್ಮ ಪಿಸಿಗೆ. ಬೆಳಿಗ್ಗೆ ಎದ್ದು ನೋಡಿದಾಗ ಎರರ್ ಬಂದಿದ್ದರೆ ಗಾಬರಿ ಬೇಡ. ಎಕ್ಸ್‌ಪೋ ಹಾಗೇ ಇಟ್ಟು, ಸ್ಪೀಡ್ ಮಾತ್ರ 5600ಕ್ಕೆ ಇಳಿಸಿ ಇನ್ನೊಂದು ರಾತ್ರಿ ಓಡಿಸಿ. ಸೊನ್ನೆ ಬಂದರೆ ಸ್ಟಿಕ್ ಕೆಟ್ಟಿಲ್ಲ, ಈ ಪ್ರೊಸೆಸರ್‌ಗೂ ಈ ಕಿಟ್‌ಗೂ 6000 ಆಗಿಬರುತ್ತಿಲ್ಲ ಅಂತ ಅರ್ಥ. 5600ರಲ್ಲೇ ಇಟ್ಟುಕೊಳ್ಳಿ, ಕೆಲಸದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ಪರದೆಯೇ ಬರದಿದ್ದರೆ ಬೋರ್ಡ್‌ನ ಕೈಪಿಡಿ ನೋಡಿ ಸಿಮಾಸ್ ಕ್ಲಿಯರ್ ಮಾಡಿ, ಅಂದರೆ ಬಯಾಸ್ ಸೆಟ್ಟಿಂಗ್‌ಗಳನ್ನು ಅಳಿಸಿ. ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ.

ಎಕ್ಸ್‌ಪೋ ಪೂರ್ತಿ ಆಫ್ ಮಾಡಿ 4800ರಲ್ಲಿ ಓಡಿಸಿದರೂ ಎರರ್ ಬರುತ್ತಿದ್ದರೆ ಆಗ ಸ್ಪೀಡ್‌ನ ಪ್ರಶ್ನೆ ಮುಗಿಯಿತು, ಭಾಗವೇ ಕೆಟ್ಟಿದೆ. ಒಂದೊಂದೇ ಸ್ಟಿಕ್ಕನ್ನು ಎ2 ಸ್ಲಾಟ್‌ಗೆ ಹಾಕಿ ಬೇರೆ ಬೇರೆಯಾಗಿ ಟೆಸ್ಟ್ ಮಾಡಿ. ಒಂದು ಪಾಸ್ ಆಗಿ ಇನ್ನೊಂದು ನಪಾಸಾದರೆ ಸ್ಟಿಕ್ ಕೆಟ್ಟಿದೆ. ಎರಡೂ ಒಂಟಿಯಾಗಿ ಪಾಸ್ ಆಗಿ, ಜೊತೆಗೆ ಹಾಕಿದಾಗ ಮಾತ್ರ ಕೈಕೊಟ್ಟರೆ ಪ್ರೊಸೆಸರ್ ತೆಗೆದು, ಸಾಕೆಟ್‌ನ ಪಿನ್ ಯಾವುದಾದರೂ ಬಾಗಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಸ್ಟಿಕ್ ಕೆಟ್ಟಿದ್ದರೆ ಕಿಟ್ ವಾಪಸ್ ಕೊಡಿ. ಕೊಡುವಾಗ ಎರಡನ್ನೂ ಡಬ್ಬದ ಸಮೇತ ಕೊಟ್ಟು, ಎರಡನ್ನೂ ಹೊಸದಾಗಿ ಕೇಳಿ. ಕೆಟ್ಟ ಒಂದಕ್ಕೆ ಬದಲಾಗಿ ಇನ್ನೊಂದು ಒಂಟಿ ಸ್ಟಿಕ್ ಕೊಡುತ್ತೇವೆ ಅಂದರೆ ಒಪ್ಪಬೇಡಿ.